ಬೇಸಿಗೆಯ ನೆಲಕ್ಕೆ ಹಾರೆ ಏಕೆ ಇಳಿಯುವುದಿಲ್ಲ?

ಯುಗಾದಿ ಕಳೆಯುತ್ತಿದ್ದಂತೆ ಬಯಲುಸೀಮೆಯ ಹೊಲಗಳ ಬದುಗಳಲ್ಲಿ ಕಲ್ಲುಕಂಬಗಳು ಬಂದು ಬೀಳುತ್ತವೆ. ಕೊಯ್ಲು ಮುಗಿದು ಹೊಲ ಖಾಲಿಯಾಗಿರುತ್ತದೆ, ಕಂಬ ಹೇರಿದ ಟ್ರ್ಯಾಕ್ಟರ್ ಯಾವ ಮೂಲೆಗೆ ಬೇಕಾದರೂ ಹೋಗಬಹುದು, ಮುಂದಿನ ಬೆಳೆ ಹಂದಿ, ದನಗಳ ಪಾಲಾಗದಂತೆ ಮುಂಗಾರಿಗೆ ಮೊದಲೇ ಬೇಲಿ ಮುಗಿಸಬೇಕೆಂಬ ಆತುರವೂ ಇರುತ್ತದೆ. ಎಲ್ಲ ಸರಿ; ಆದರೆ ಮೊದಲ ಗುಂಡಿಗೆ ಹಾರೆ ಎತ್ತಿ ಹಾಕಿದರೆ ಠಣ್ ಎಂದು ಪುಟಿಯುತ್ತದೆ, ಮೊಣಕೈವರೆಗೆ ಜೋಮು ಹತ್ತುತ್ತದೆ. ಎಂಟು ತಿಂಗಳ ಹಿಂದೆ ಇದೇ ಜಾಗದಲ್ಲಿ ಎತ್ತಿನ ಗೊರಸು ಹೂತುಹೋಗುತ್ತಿತ್ತು. ಮಣ್ಣು ಅದೇ. ಹಾಗಾದರೆ ಇಷ್ಟು ಗಟ್ಟಿಯಾದದ್ದು ಹೇಗೆ?

ಉತ್ತರ ಇರುವುದು ಮಣ್ಣಿನ ಕಣಗಳ ನಡುವೆ ಉಳಿದಿರುವ ನೀರಿನಲ್ಲಿ. ಎರಡು ಗಾಜಿನ ಹಲ್ಲೆಗಳ ನಡುವೆ ಒಂದು ಹನಿ ನೀರು ಹಾಕಿ ಒತ್ತಿದರೆ ಅವುಗಳನ್ನು ಬಿಡಿಸುವುದು ಎಷ್ಟು ಕಷ್ಟ ಎಂಬುದು ನಮಗೆ ಗೊತ್ತು. ಮಣ್ಣಿನಲ್ಲೂ ಹೀಗೆಯೇ. ನೀರು ತುಂಬಿದ್ದಾಗ ಕಣಗಳು ಒಂದರ ಮೇಲೊಂದು ಜಾರುತ್ತವೆ. ನೆಲ ಒಣಗುತ್ತಾ ಹೋದಂತೆ ನೀರು ಅತಿ ಕಿರಿದಾದ ಸಂದುಗಳಲ್ಲಿ ಮಾತ್ರ ಉಳಿಯುತ್ತದೆ, ಅಲ್ಲಿಂದಲೇ ಕಣಗಳನ್ನು ಪರಸ್ಪರ ಎಳೆದು ಬಿಗಿಯುತ್ತದೆ. ಗಿಡಗಳು ಬಾಡಿ ಮತ್ತೆ ಚೇತರಿಸಿಕೊಳ್ಳಲಾಗದ ಹಂತಕ್ಕೆ ನೆಲ ಒಣಗಿದಾಗ ಈ ಎಳೆತ ವಾಯುಮಂಡಲದ ಒತ್ತಡದ ಸುಮಾರು 15 ಪಟ್ಟು ಇರುತ್ತದೆ. ಏಪ್ರಿಲ್ ತಿಂಗಳ ಮೇಲ್ಮಣ್ಣು ಆ ಹಂತವನ್ನೂ ದಾಟಿರುತ್ತದೆ. ಅಷ್ಟರಲ್ಲಿ ಜೇಡಿಯ ಸೂಕ್ಷ್ಮ ಕಣಗಳು ಮರಳಿನ ಕಣಗಳು ತಾಗುವ ಜಾಗದಲ್ಲಿ ಕುಳಿತು ಗಾರೆಯಂತೆ ಅಂಟಿಕೊಂಡಿರುತ್ತವೆ. ಕೆಮ್ಮಣ್ಣಿನಲ್ಲಿ ಇದಕ್ಕೆ ಕಬ್ಬಿಣದ ಆಕ್ಸೈಡೂ ಕೈಜೋಡಿಸುತ್ತದೆ. ಹೊಳೆಯ ಮರಳು ಒಣಗಿದರೆ ಉದುರುತ್ತದೆ, ಹೊಲದ ಮಣ್ಣು ಒಣಗಿದರೆ ಕಲ್ಲಾಗುತ್ತದೆ, ವ್ಯತ್ಯಾಸವೆಲ್ಲ ಜೇಡಿಯದು. ಇದೇ ಗುಣವನ್ನು ನಂಬಿ ನಮ್ಮ ಹಿರಿಯರು ಮಣ್ಣಿನ ಗೋಡೆಯ ಮನೆಗಳಲ್ಲಿ ತಲೆಮಾರುಗಳ ಕಾಲ ಬಾಳಿದ್ದಾರೆ.

ನೆಲ ಒದ್ದೆಯೂ ಅಲ್ಲದೆ ಒಣಗಿಯೂ ಇಲ್ಲದ ಸ್ಥಿತಿಗೆ ರೈತರು ಇಟ್ಟ ಹೆಸರು 'ಹದ'. ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್ ಅಟ್ಟರ್‌ಬರ್ಗ್ 1911ರಲ್ಲಿ ಜೇಡಿಮಣ್ಣು ಎಷ್ಟು ನೀರಿದ್ದಾಗ ಬಿರುಸಾಗಿರುತ್ತದೆ, ಎಷ್ಟಿದ್ದಾಗ ಮೆತುವಾಗುತ್ತದೆ, ಎಷ್ಟಾದರೆ ಹರಿಯತೊಡಗುತ್ತದೆ ಎಂಬ ಗಡಿಗಳನ್ನು ಅಳೆಯುವ ಕ್ರಮ ಹಾಕಿಕೊಟ್ಟ. ಇಂದಿಗೂ ಸಿವಿಲ್ ಎಂಜಿನಿಯರ್‌ಗಳು ಅದನ್ನೇ ಬಳಸುತ್ತಾರೆ. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ಮೂರು ಮಿಲಿಮೀಟರ್ ದಪ್ಪದ ದಾರ ಮಾಡಿ, ಅದು ಯಾವಾಗ ತುಂಡಾಗುತ್ತದೆ ಎಂದು ನೋಡುವುದು ಆ ಪರೀಕ್ಷೆಗಳಲ್ಲೊಂದು. ಹೊಲದಲ್ಲಿ ಮಣ್ಣು ಹಿಡಿದು ಉಂಡೆ ಕಟ್ಟಿ ನೋಡುವ ಅಜ್ಜನಿಗೂ ಈ ಪರೀಕ್ಷೆಗೂ ಅಷ್ಟೇನೂ ದೂರವಿಲ್ಲ.

ಸರಿ, ಹಾಗಾದರೆ ಒಂದು ಕೊಡ ನೀರು ಸುರಿದು ಅಗೆದರಾಯಿತಲ್ಲ? ಇಲ್ಲಿಯೇ ಬಹಳ ಮಂದಿ ಎಡವುವುದು. ಒಣಗಿ ಬಿಗಿದ ಮಣ್ಣಿನ ಮೇಲೆ ನೀರು ಸುರಿದರೆ ಮೇಲಿನ ಎರಡು ಬೆರಳಿನಷ್ಟು ಕೆಸರಾಗುತ್ತದೆ, ಉಳಿದದ್ದು ಪಕ್ಕಕ್ಕೆ ಹರಿದುಹೋಗುತ್ತದೆ. ಕೆಸರಿನ ಕೆಳಗೆ ನೆಲ ಮೊದಲಿನಂತೆಯೇ ಇರುತ್ತದೆ. ಹಾರೆಗೆ ಕೆಸರು ಮೆತ್ತಿಕೊಂಡು ಕೆಲಸ ಇನ್ನೂ ಕೆಡುತ್ತದೆ. ನೀರಿಗೆ ಬೇಕಾದದ್ದು ಸಮಯ. ಕಂಬ ನಿಲ್ಲುವ ಕಡೆಯೆಲ್ಲ ಮೊದಲ ದಿನ ಒಂದು ಗೇಣು ಆಳಕ್ಕೆ ಮಾತ್ರ ಹಳ್ಳ ಮಾಡಿ, ಸಂಜೆ ನೀರು ತುಂಬಿ ರಾತ್ರಿಯಿಡೀ ಬಿಟ್ಟರೆ ಅದು ಹನಿಹನಿಯಾಗಿ ಕೆಳಗಿಳಿಯುತ್ತದೆ. ಬೆಳಿಗ್ಗೆ ಅಷ್ಟು ತೆಗೆದು, ಬೇಕಾದರೆ ಮತ್ತೊಮ್ಮೆ ತುಂಬಬೇಕು.

ಇದರ ಲೆಕ್ಕ ಹಾಕಿ ನೋಡೋಣ. ಒಂದು ಎಕರೆಯ ಚೌಕ ಹೊಲದ ಸುತ್ತಳತೆ ಸುಮಾರು 835 ಅಡಿ. ಹತ್ತು ಅಡಿಗೊಂದು ಕಂಬ ಎಂದರೆ 80ಕ್ಕೂ ಹೆಚ್ಚು ಗುಂಡಿಗಳು. ಒಂದಡಿ ಅಗಲ, ಎರಡಡಿ ಆಳದ ದುಂಡು ಗುಂಡಿಯಲ್ಲಿ ಸುಮಾರು 70 ಕಿಲೋ ಮಣ್ಣಿರುತ್ತದೆ. ಅಂದರೆ ಒಂದು ಎಕರೆಯ ಬೇಲಿಗೆ ಹತ್ತಿರ ಹತ್ತಿರ ಆರು ಟನ್ ಮಣ್ಣನ್ನು ಯಾರೋ ಒಡೆದು, ಬಗ್ಗಿ, ಮೇಲೆತ್ತಬೇಕು. ಇಷ್ಟು ಮಣ್ಣಿಗೆ ಹದ ತರಲು ಗುಂಡಿಗೆ ಏಳೆಂಟು ಲೀಟರ್ ಸಾಕು. ಅಕ್ಕಪಕ್ಕ ಹೀರಿಕೊಳ್ಳುವುದನ್ನು ಸೇರಿಸಿದರೆ ಒಂದು ಬಕೆಟ್, ಅಂದರೆ 15 ಲೀಟರ್ ಎನ್ನೋಣ. ಒಟ್ಟು 1,250 ಲೀಟರ್ ಆಸುಪಾಸು. ಕೊಳವೆಬಾವಿ ಬತ್ತಿದ ಊರಿನಲ್ಲಿ ಇದು ಸಣ್ಣ ಮಾತಲ್ಲ. ಅಂಥ ಕಡೆ ಅಶ್ವಿನಿ ಅಥವಾ ಭರಣಿ ಮಳೆ ಒಂದು ಹದವಾಗಿ ಬೀಳುವವರೆಗೆ ಕಾದು, ಎರಡು ಮೂರು ದಿನ ಬಿಟ್ಟು ಶುರುಮಾಡುವುದೇ ಲೇಸು. ಗುಂಡಿಗಿಷ್ಟು ಎಂದು ಗುತ್ತಿಗೆ ಕೊಟ್ಟರೆ ಈ ಆಯ್ಕೆಯ ಬೆಲೆ ಜಮೀನಿನವರಿಗೆ ಕಾಣುವುದೇ ಇಲ್ಲ. ಅದನ್ನು ತೆರುವುದು ಮಧ್ಯಾಹ್ನದ ಬಿಸಿಲಿನಲ್ಲಿ ಹಾರೆ ಹಿಡಿದವರ ಭುಜ, ಸೊಂಟ.

ನೀರಿನ ಈ ಉಪಾಯ ಎಲ್ಲ ನೆಲಕ್ಕೂ ನಡೆಯುವುದಿಲ್ಲ. ಕರಾವಳಿ, ಮಲೆನಾಡಿನ ಅಂಚಿನ ಜಂಬಿಟ್ಟಿಗೆಯ ಗಟ್ಟಿತನ ಬೇರೆಯದು. ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಗ್ರಂಥದಲ್ಲಿ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು ಅದು. ನೆಲದೊಳಗೆ ಇದ್ದಾಗ ಕೊಯ್ಯುವಷ್ಟು ಮೆದುವಾಗಿರುವ ಈ ಕಲ್ಲು ಗಾಳಿಗೆ ತೆರೆದುಕೊಂಡು ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಅಲ್ಲಿ ಕಣಗಳನ್ನು ಬಿಗಿದಿರುವುದು ಕಬ್ಬಿಣದ ಆಕ್ಸೈಡು. ವಾರಗಟ್ಟಲೆ ನೀರು ನಿಲ್ಲಿಸಿದರೂ ಅದು ಕರಗದು. ಗುರುತಿಸುವುದು ಸುಲಭ: ಹೆಂಟೆಯೊಂದನ್ನು ರಾತ್ರಿ ನೀರಿನಲ್ಲಿ ಹಾಕಿಡಿ. ಬೆಳಿಗ್ಗೆ ಕುಸಿದು ಮಣ್ಣಾಗಿದ್ದರೆ ನೀರು ಕೆಲಸ ಮಾಡುತ್ತದೆ. ಹಾಗೇ ಕುಳಿತಿದ್ದರೆ ನೀರು ಉಳಿಸಿಕೊಳ್ಳಿ, ಹಾರೆಯ ಮೊನೆ ಬಡಿಸಿಕೊಂಡು ಬನ್ನಿ.

ಒಣ ಮಣ್ಣು ಕತ್ತರಿಸಿಕೊಳ್ಳುವುದಿಲ್ಲ, ಒಡೆಯುತ್ತದೆ. ಆದ್ದರಿಂದಲೇ ಅಗಲ ಬಾಯಿಯ ಗುದ್ದಲಿ ಸೋತ ಕಡೆ ಹಾರೆ ಗೆಲ್ಲುತ್ತದೆ: ಅದೇ ತೂಕ ಒಂದು ಚಿಕ್ಕ ಮೊನೆಯ ಮೇಲೆ ಬೀಳುತ್ತದೆ. ನುರಿತವರು ಮೊದಲು ಮಧ್ಯದಲ್ಲೊಂದು ಕುಳಿ ಮಾಡಿಕೊಂಡು, ಆಮೇಲೆ ಅದರ ಅಂಚಿಗೆ ಹೊಡೆದು ಚಕ್ಕೆಗಳನ್ನು ಒಳಕ್ಕೆ ಬೀಳಿಸುತ್ತಾರೆ. ಎದುರಿಗೆ ಖಾಲಿ ಜಾಗವಿದ್ದರೆ ಮಣ್ಣು ಅರ್ಧ ಪೆಟ್ಟಿಗೇ ಬಿಟ್ಟುಕೊಡುತ್ತದೆ. ನೆಲ ಮುಟ್ಟುವ ಕ್ಷಣದಲ್ಲಿ ಹಿಡಿತವನ್ನು ತುಸು ಸಡಿಲಿಸುವುದೂ ಅವರಿಗೆ ಅಭ್ಯಾಸ. ಇಲ್ಲದಿದ್ದರೆ ಪುಟಿದ ಪೆಟ್ಟೆಲ್ಲ ಮಣಿಕಟ್ಟಿಗೆ.

ಗುಂಡಿ ತೋಡುವ ಯಂತ್ರ ಬಂದ ಮೇಲೆ ಈ ರಗಳೆ ಇಲ್ಲ ಎನ್ನುವವರಿದ್ದಾರೆ. ಹದವಿರುವ ನೆಲದಲ್ಲಿ ಅದು ನಿಜ. ಒಣ ನೆಲದಲ್ಲಿ ಅದರ ತಿರುಪು ಕಚ್ಚದೆ ಮೇಲೆಯೇ ಉಜ್ಜುತ್ತದೆ, ಕಲ್ಲು ಸಿಕ್ಕರೆ ಹಿಡಿದವರನ್ನೇ ತಿರುಗಿಸಲು ನೋಡುತ್ತದೆ. ಟ್ರ್ಯಾಕ್ಟರಿಗೆ ಜೋಡಿಸಿದ ತಿರುಪು ಇಳಿಯಲಿಲ್ಲವೆಂದು ಅದರ ತೋಳಿನ ಮೇಲೆ ಜನ ಹತ್ತಿ ನಿಲ್ಲುವುದುಂಟು. ಇದು ಖಂಡಿತ ಕೂಡದು. ತಿರುಗುವ ದಂಡಕ್ಕೆ ಪಂಚೆಯ ತುದಿಯೋ ಸೆರಗೋ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಯಂತ್ರಕ್ಕೂ ಹಿಂದಿನ ಸಂಜೆಯ ಒಂದು ಬಕೆಟ್ ನೀರು ಬೇಕು.

ಇನ್ನು ನಾವು ಹೆಚ್ಚಾಗಿ ಕೇಳುವ ನಂಬಿಕೆ: ಬೇಸಿಗೆಯ ಗಟ್ಟಿ ನೆಲದಲ್ಲಿ ನೆಟ್ಟ ಕಂಬ ಅಲುಗುವುದಿಲ್ಲ. ಗುಂಡಿಯ ಗೋಡೆ ಗಟ್ಟಿಯಿರಬಹುದು, ಆದರೆ ಕಂಬವನ್ನು ಸುತ್ತ ಹಿಡಿದಿರುವುದು ನಾವು ವಾಪಸು ತುಂಬಿದ ಮಣ್ಣು. ಒಣ ಪುಡಿಯನ್ನು ಎಷ್ಟೇ ಕುಟ್ಟಿದರೂ ಅದು ಒತ್ತಾಗಿ ಕೂರುವುದಿಲ್ಲ. ಕಣಗಳು ಜಾರಿ ಸಂದು ತುಂಬಲು ತುಸು ನೀರಿನ ಜಾರುವಿಕೆ ಬೇಕು. ನೀರು ಹೆಚ್ಚಾದರೆ ಅದೇ ಜಾಗ ಹಿಡಿದುಕೊಂಡು ಮಣ್ಣನ್ನು ಒತ್ತಾಗಲು ಬಿಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಣ್ಣಿನ ಅಣೆಕಟ್ಟುಗಳ ಕೆಲಸದಲ್ಲಿದ್ದ ರಾಲ್ಫ್ ಪ್ರಾಕ್ಟರ್ 1933ರಲ್ಲಿ ಇದನ್ನು ಅಳೆದು ತೋರಿಸಿದ. ಪ್ರತಿ ಮಣ್ಣಿಗೂ ಅತಿ ಹೆಚ್ಚು ಒತ್ತಾಗುವ ಒಂದು ತೇವಾಂಶವಿದೆ. ಅದೂ ಹದವೇ! ಹೀಗಾಗಿ ಒಣಗಿದಾಗ ತೋಡಿ ಒಣ ಮಣ್ಣನ್ನೇ ತುಂಬಿದವರಿಗೆ ಎರಡು ಸಲ ನಷ್ಟ. ತೋಡುವಾಗ ಬೆವರು, ಮೊದಲ ದೊಡ್ಡ ಮಳೆಗೆ ಆ ಪುಡಿ ಕುಸಿದು ವಾಲುವ ಕಂಬ. ಅರ್ಧ ಅಡಿಯಷ್ಟು ಮಣ್ಣು ಹಾಕಿ, ನೀರು ಚಿಮುಕಿಸಿ, ಹಾರೆಯ ಹಿಂಬದಿಯಿಂದ ಸುತ್ತಲೂ ಕುಟ್ಟಿ, ಮತ್ತೆ ಅರ್ಧ ಅಡಿ ಹಾಕಬೇಕು. ಗುಂಡಿಯನ್ನು ಅಗತ್ಯಕ್ಕಿಂತ ಅಗಲ ಮಾಡುವುದೂ ಇದೇ ಕಾರಣಕ್ಕೆ ತಪ್ಪು. ಅಗೆಯದ ನೆಲದಷ್ಟು ಗಟ್ಟಿ ಆಸರೆಯನ್ನು ತುಂಬಿದ ಮಣ್ಣು ಕೊಡಲಾರದು.

ತೆಗೆದ ಮಣ್ಣೆಲ್ಲ ವಾಪಸು ಹಾಕಿದರೂ ಗುಂಡಿ ತುಂಬದಿದ್ದರೆ ಜಾಗ ಒಳ್ಳೆಯದಲ್ಲ ಎಂಬ ಮಾತೂ ಉಂಟು. ಇದು ಹಳೆಯ ಪರೀಕ್ಷೆ. ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲೇ ಇದೆ. ಮಣ್ಣು ಮಿಕ್ಕರೆ ಶುಭ, ಸಾಲದಿದ್ದರೆ ಅಶುಭ. ಇದರಲ್ಲಿ ಒಂದು ತಿರುಳು ಇದೆ ಎನ್ನಬೇಕು. ಒತ್ತಾದ ನೆಲವನ್ನು ಅಗೆದಾಗ ಮಣ್ಣು ಸಡಿಲವಾಗಿ ಉಬ್ಬುತ್ತದೆ, ಆದ್ದರಿಂದ ಮಿಗುತ್ತದೆ. ಪೊಳ್ಳು ನೆಲದ ಮಣ್ಣು ಅಷ್ಟು ಉಬ್ಬುವುದಿಲ್ಲ. ಮನೆಯ ಪಾಯಕ್ಕೆ ಒತ್ತಾದ ನೆಲ ಒಳ್ಳೆಯದು ತಾನೆ? ಆದರೆ ಅದೇ ಮಣ್ಣನ್ನು ಹದದಲ್ಲಿ ಚೆನ್ನಾಗಿ ಕುಟ್ಟಿದರೆ ಸಾಲದೆ ಬರಬಹುದು, ಒಣ ಹೆಂಟೆಗಳನ್ನು ಹಾಗೇ ತುಂಬಿದರೆ ಮಿಕ್ಕಬಹುದು. ಬೇಲಿಯ ಗುಂಡಿಯಲ್ಲಿ ಮಣ್ಣು ಬಹಳ ಮಿಕ್ಕಿತೆಂದರೆ ಕುಟ್ಟಿದ್ದು ಸಾಲದು ಎಂದೇ ನಾವು ತಿಳಿಯಬೇಕು.

ಧಾರವಾಡ, ಗದಗ, ವಿಜಯಪುರ ಕಡೆಯ ಎರೆನೆಲದ ಕಥೆ ಇನ್ನೂ ತೊಡಕಿನದು. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬಿರುಕು ಸಿಕ್ಕರೆ ತೋಡುವುದು ಸಲೀಸು ಎಂದು ಅಲ್ಲೇ ಕಂಬ ಇಳಿಸುವವರಿದ್ದಾರೆ. ಆದರೆ ಬಿರುಕು ನೆಲ ಅಲುಗಾಡುವ ಜಾಗದ ಗುರುತು. ಪ್ರತಿ ಮಳೆಗಾಲ ಉಬ್ಬಿ ಕಂಬವನ್ನು ತಳ್ಳುತ್ತದೆ, ಪ್ರತಿ ಬೇಸಿಗೆ ಕಂಬದ ಸುತ್ತ ಸಂದು ಬಿಡುತ್ತದೆ. ಇಲ್ಲಿ ತೆಗೆದ ಎರೆಯನ್ನೇ ವಾಪಸು ತುಂಬದೆ, ಉಬ್ಬದ ಗರಸು ಮಣ್ಣನ್ನು ತಂದು ಕುಟ್ಟುವುದು ವಾಸಿ. ಕಪ್ಪುನೆಲದಲ್ಲಿ ಕಟ್ಟುವ ಕಾಲುವೆಗಳ ಕೆಳಗೆ ಉಬ್ಬದ ಜೇಡಿಮಣ್ಣಿನ ಪದರ ಹಾಕುವ ವಿಧಾನವನ್ನು ಐಐಟಿ ಬಾಂಬೆಯ ಆರ್. ಕೆ. ಕಟ್ಟಿ ಅವರು ರೂಪಿಸಿದ್ದೂ ಈ ತೊಂದರೆಗೇ. ಕಂಬದ ಬುಡದಲ್ಲಿ ಮಣ್ಣನ್ನು ದಿಬ್ಬದಂತೆ ಏರಿಸಿ ನೀರು ಆಚೆ ಹರಿಯುವಂತೆ ಮಾಡಬೇಕು. ತಂತಿಯ ಬಿಗಿಯೆಲ್ಲ ಬೀಳುವ ಮೂಲೆಯ ಕಂಬಗಳಿಗೆ ಒಳಗಿನಿಂದ ಓರೆಯಾಗಿ ಆನಿಕೆ ಕಲ್ಲು ಕೊಡಬೇಕು. ಇಷ್ಟಾದರೂ ಎರೆಯಲ್ಲಿ ನೆಟ್ಟ ಬೇಲಿಯನ್ನು ಎರಡು ಮಳೆಗಾಲ ಕಳೆದ ಮೇಲೆ ಒಮ್ಮೆ ಸುತ್ತಿ ನೋಡಿ, ಸಡಿಲವಾದ ಕಡೆ ಮತ್ತೆ ಕುಟ್ಟುವ ಕೆಲಸ ಇದ್ದೇ ಇರುತ್ತದೆ.