ಸೊನ್ನೆಯೂ ಒಂದು ಉತ್ತರ

ಭೌತಶಾಸ್ತ್ರದ ಪ್ರಾಕ್ಟಿಕಲ್ ತರಗತಿಗಳಲ್ಲಿ ಒಂದು ಗುಪ್ತವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಹರಿದು ಬಂದಿದೆ. ಸರಳ ಲೋಲಕವನ್ನು ತೂಗಬಿಟ್ಟು, ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಅಳೆದು, ಗುರುತ್ವ ವೇಗೋತ್ಕರ್ಷ ‘ಜಿ’ಯ ಬೆಲೆಯನ್ನು ಕಂಡುಹಿಡಿಯಬೇಕು. ಲೆಕ್ಕ ಮಾಡಿದರೆ 953 ಎಂದೋ 1012 ಎಂದೋ ಬರುತ್ತದೆ. ಪುಸ್ತಕದಲ್ಲಿರುವುದು 980. ಆಗ ವಿದ್ಯಾರ್ಥಿ ಏನು ಮಾಡುತ್ತಾನೆ? ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ಕಾಲವನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ, ರೆಕಾರ್ಡ್ ಪುಸ್ತಕದಲ್ಲಿ ಅಂದವಾಗಿ 980 ಎಂದು ಬರೆಯುತ್ತಾನೆ. ಹತ್ತಕ್ಕೆ ಹತ್ತು ಅಂಕ. ಮನೆಯಲ್ಲೂ ಸಂತೋಷ.

‘ಪ್ರಯೋಗ ಬರಲಿಲ್ಲ’ ಎನ್ನುವುದು ನಮ್ಮ ಶಾಲಾ ಕಾಲೇಜುಗಳಲ್ಲಿ ದಿನಬಳಕೆಯ ಮಾತು. ಅಂದರೆ, ಬರಬೇಕಾದ ಉತ್ತರ ಮೊದಲೇ ಗೊತ್ತಿದೆ. ಅದು ಬಂದರೆ ಪಾಸು, ಬರದಿದ್ದರೆ ಫೇಲು. ಸಂಶೋಧನೆಯ ಚರಿತ್ರೆಯನ್ನು ಓದಿದರೆ ಚಿತ್ರವೇ ಬೇರೆ. ಅಲ್ಲಿ ‘ಏನೂ ಬರಲಿಲ್ಲ’ ಎಂಬ ಫಲಿತಾಂಶವೇ ಮುಂದಿನ ದಾರಿ ತೋರಿಸಿದ್ದುಂಟು. ಅದಕ್ಕೆ ದೂರದ ನಿದರ್ಶನ ಬೇಡ. ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಯೇ ಸಾಕು.

ಎರಡು ತಿಂಗಳ ಮೌನ

ಆಕಾಶದಿಂದ ನಮ್ಮ ಮೇಲೆ ಸದಾ ಒಂದು ಕಾಣದ ಮಳೆ ಸುರಿಯುತ್ತಿದೆ. ಅಂತರಿಕ್ಷದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದ ಅಣುಗಳಿಗೆ ಡಿಕ್ಕಿ ಹೊಡೆದಾಗ ಹೊಸ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ನೆಲದವರೆಗೆ ಇಳಿದು ಬರುವ ಮುಖ್ಯ ಕಣ ಮ್ಯುಆನ್. ಅಂಗೈಯನ್ನು ಆಕಾಶಕ್ಕೆ ಚಾಚಿದರೆ ಸೆಕೆಂಡಿಗೆ ಒಂದರಂತೆ ಅದನ್ನು ತೂರಿಕೊಂಡು ಹೋಗುತ್ತವೆ. ಇವು ನೆಲದೊಳಕ್ಕೂ ಇಳಿಯುತ್ತವೆ. ಎಷ್ಟು ಆಳಕ್ಕೆ?

ಇದನ್ನು ಅಳೆಯಲು ಹೋಮಿ ಭಾಭಾ 1951ರಲ್ಲಿ ಆರಿಸಿದ ಜಾಗ ಕೋಲಾರ. ಕೆಲಸ ಬಿದ್ದದ್ದು ಮೈಸೂರು ಸೀಮೆಯವರೇ ಆದ ತರುಣ ಬಿ. ವಿ. ಶ್ರೀಕಂಠನ್ ಅವರಿಗೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಉಪಕರಣಗಳು ಚಿನ್ನದ ಅದಿರು ಮೇಲೆ ಬರುವ ಗಣಿಯೊಳಕ್ಕೆ ಇಳಿದವು. ಆಳ ಹೆಚ್ಚಿದಂತೆ ಎಣಿಕೆ ಕಡಿಮೆಯಾಗುತ್ತಾ ಹೋಯಿತು. ಇದು ನಿರೀಕ್ಷಿತವೇ, ಮೇಲಿನ ಬಂಡೆ ದಪ್ಪವಾದಷ್ಟೂ ಮ್ಯುಆನ್‌ಗಳು ನಡುವೆಯೇ ಶಕ್ತಿ ಕಳೆದುಕೊಂಡು ನಿಂತುಬಿಡುತ್ತವೆ.

1960ರ ದಶಕದ ಆರಂಭದಲ್ಲಿ ಜಪಾನಿನ ಎಸ್. ಮಿಯಾಕೆ ಮತ್ತು ಭಾರತೀಯ ವಿಜ್ಞಾನಿಗಳಾದ ವಿ. ಎಸ್. ನರಸಿಂಹಂ, ಪಿ. ವಿ. ರಮಣಮೂರ್ತಿ ಇನ್ನೂ ಕೆಳಕ್ಕೆ, ಸುಮಾರು 2.75 ಕಿಲೋಮೀಟರ್ ಆಳಕ್ಕೆ ಹೋದರು. ಉಪಕರಣವನ್ನಿಟ್ಟು ಎರಡು ತಿಂಗಳು ಕಾದರು. ದಾಖಲಾದ ಮ್ಯುಆನ್‌ಗಳ ಸಂಖ್ಯೆ: ಸೊನ್ನೆ.

ನಮ್ಮ ರೆಕಾರ್ಡ್ ಪುಸ್ತಕದ ಲೆಕ್ಕದಲ್ಲಿ ಇದು ‘ಬರದ’ ಪ್ರಯೋಗ. ಅವರು ಆ ಸೊನ್ನೆಯನ್ನು ಬೇರೆ ರೀತಿ ಓದಿದರು. ಭೂಮಿಯ ಮೇಲೆ ಎಲ್ಲಿ ಕುಳಿತರೂ ಬಿಡದೆ ಸದ್ದು ಮಾಡುವ ಮ್ಯುಆನ್‌ಗಳು ಇಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಸಂತೆಯಲ್ಲಿ ಕೇಳದ ಪಿಸುಮಾತು ಗರ್ಭಗುಡಿಯಲ್ಲಿ ಕೇಳುತ್ತದೆ. ಹಾಗಾದರೆ ಅತ್ಯಂತ ಮೆಲುದನಿಯ ಕಣವನ್ನು ಆಲಿಸಲು ಇದಕ್ಕಿಂತ ಒಳ್ಳೆಯ ಜಾಗ ಯಾವುದು?

ಆ ಮೆಲುದನಿಯ ಕಣದ ಹೆಸರು ನ್ಯೂಟ್ರಿನೊ. ಸೂರ್ಯನಿಂದಲೇ ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರಿನ ಮೂಲಕ ಸೆಕೆಂಡಿಗೆ ಸುಮಾರು ಆರು ಸಾವಿರ ಕೋಟಿ ನ್ಯೂಟ್ರಿನೊಗಳು ಹಾದುಹೋಗುತ್ತವೆ, ನಮಗೆ ಸುಳಿವೂ ಸಿಗದು. ವಿಶ್ವಕಿರಣಗಳು ವಾಯುಮಂಡಲದಲ್ಲೂ ನ್ಯೂಟ್ರಿನೊಗಳನ್ನು ಹುಟ್ಟಿಸುತ್ತವೆ ಎಂಬ ಲೆಕ್ಕವಿತ್ತು; ಕಂಡವರಿರಲಿಲ್ಲ. ಮುಂಬಯಿ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳು ಒಟ್ಟುಗೂಡಿ ಚಾಂಪಿಯನ್ ರೀಫ್ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದರು. ಅಳಿದುಳಿದ ಮ್ಯುಆನ್ ಬಂದರೆ ಬಹುಮಟ್ಟಿಗೆ ನೆತ್ತಿಯ ಮೇಲಿಂದಲೇ ಬರಬೇಕು. ನ್ಯೂಟ್ರಿನೊ ಮಾತ್ರ ಅಡ್ಡದಿಂದಲೂ, ಇಡೀ ಭೂಮಿಯನ್ನೇ ತೂರಿಕೊಂಡು ಕೆಳಗಿನಿಂದಲೂ ಬರಬಲ್ಲದು. 1965ರಲ್ಲಿ ಅಂಥ ಅಡ್ಡ ಜಾಡುಗಳು ಸಿಕ್ಕವು. ಆ ವರದಿ ಆಗಸ್ಟ್ 15ರಂದು ಅಚ್ಚಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡಕ್ಕೂ ಇಂಥವೇ ಜಾಡುಗಳು ದೊರೆತಿದ್ದವು. ಅವರಿಗೆ ಕಂಡದ್ದು ಮೊದಲು, ಅಚ್ಚಾದದ್ದು ಹದಿನೈದು ದಿನ ತಡವಾಗಿ.

ಕಾವಲುಗಾರ ಎಚ್ಚರವಿದ್ದನೆ?

ಎಲ್ಲ ಸೊನ್ನೆಗಳಿಗೂ ಬೆಲೆ ಒಂದೇ ಅಲ್ಲ. ‘ರಾತ್ರಿ ತೋಟಕ್ಕೆ ಯಾರೂ ಬರಲಿಲ್ಲ’ ಎಂದು ಕಾವಲುಗಾರ ಹೇಳಿದರೆ ನಾವು ಕೇಳಬೇಕಾದ ಮೊದಲ ಪ್ರಶ್ನೆ, ‘ನೀನು ಎಚ್ಚರವಿದ್ದೆಯಾ?’ ಎರಡನೆಯದು, ‘ಎಷ್ಟು ಹೊತ್ತು, ಎಷ್ಟು ಜಾಗ ಕಾದೆ?’ ವಿಜ್ಞಾನಿಯೂ ಉಪಕರಣಕ್ಕೆ ಇವೇ ಪ್ರಶ್ನೆ ಹಾಕುತ್ತಾನೆ. ಬಂದಿದ್ದರೆ ಖಂಡಿತ ಕಾಣುತ್ತಿತ್ತು ಎಂದು ತೋರಿಸಿಕೊಟ್ಟ ಮೇಲಷ್ಟೇ ‘ಕಾಣಲಿಲ್ಲ’ ಎಂಬ ಮಾತಿಗೆ ತೂಕ.

ಕೋಲಾರದ ಎರಡನೆಯ ಕಥೆಗೆ ಈ ಪ್ರಶ್ನೆಗಳು ಬೇಕು. ಪ್ರತಿ ಪರಮಾಣುವಿನ ತಿರುಳಿನಲ್ಲೂ ಪ್ರೋಟಾನು ಇದೆ. ಅದು ಚಿರಂಜೀವಿ ಎಂದೇ ಎಲ್ಲರ ನಂಬಿಕೆಯಾಗಿತ್ತು. 1974ರಲ್ಲಿ ಹೊವಾರ್ಡ್ ಜಾರ್ಜಿ ಮತ್ತು ಶೆಲ್ಡನ್ ಗ್ಲಾಶೋ ಮಂಡಿಸಿದ ಏಕೀಕರಣ ಸಿದ್ಧಾಂತ, ಪ್ರೋಟಾನೂ ಎಂದಾದರೊಂದು ದಿನ ಅಳಿಯುತ್ತದೆ ಎಂದಿತು. ಆಯುಸ್ಸು ಮಾತ್ರ ಅಪಾರ: 1ರ ಮುಂದೆ 30 ಅಥವಾ 31 ಸೊನ್ನೆ ಹಾಕಿದಷ್ಟು ವರ್ಷ. ಬ್ರಹ್ಮಾಂಡದ ವಯಸ್ಸೇ ಸುಮಾರು 1380 ಕೋಟಿ ವರ್ಷ. ಅಷ್ಟು ಕಾಲ ಕಾಯುವವರಾರು? ಕಾಯಬೇಕಿಲ್ಲ. ಒಂದು ಪ್ರೋಟಾನಿನ ಮುಂದೆ ಅಷ್ಟು ವರ್ಷ ಕೂರುವ ಬದಲು, ಅಷ್ಟು ಪ್ರೋಟಾನುಗಳನ್ನು ಕೂಡಿಹಾಕಿ ಒಂದು ವರ್ಷ ಕಾದರಾಯಿತು.

1980ರ ಕೊನೆಯಲ್ಲಿ ಕೋಲಾರದ ಆಳದಲ್ಲಿ 140 ಟನ್ ತೂಕದ, ಕಬ್ಬಿಣದ ಹಲಗೆಗಳ ನಡುವೆ ಎಣಿಕೆ ನಳಿಗೆಗಳನ್ನು ಜೋಡಿಸಿದ ಉಪಕರಣ ಕಾವಲು ಆರಂಭಿಸಿತು. ಇದೇ ಕೆಲಸಕ್ಕೆಂದು ಕಟ್ಟಿದ ಮೊದಲ ಉಪಕರಣ ಅದು. ಒಂದೆರಡು ವರ್ಷಗಳಲ್ಲೇ, ಪ್ರೋಟಾನಿನ ಅಳಿವು ಇರಬಹುದು ಎನಿಸುವ ಕೆಲವು ಜಾಡುಗಳು ಅದರಲ್ಲಿ ಮೂಡಿದವು. ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ವಿಜ್ಞಾನಿಗಳು ಅವನ್ನು ಕರೆದದ್ದು ‘ಅಭ್ಯರ್ಥಿ’ ಘಟನೆಗಳೆಂದು. ಅಭ್ಯರ್ಥಿ ಎಂದರೆ ಗೆದ್ದವನಲ್ಲ, ಕಣದಲ್ಲಿ ನಿಂತವನು ಅಷ್ಟೆ. ಏಕೆಂದರೆ ನ್ಯೂಟ್ರಿನೊ ಉಪಕರಣದೊಳಗೇ ಡಿಕ್ಕಿ ಹೊಡೆದರೂ ಅಂಥದೇ ಜಾಡು ಮೂಡಬಹುದು.

ಅಮೆರಿಕದ ಓಹಾಯೊ ರಾಜ್ಯದ ಉಪ್ಪಿನ ಗಣಿಯಲ್ಲಿ 1982ರಲ್ಲಿ, ಜಪಾನಿನ ಕಮಿಯೊಕಾ ಗಣಿಯಲ್ಲಿ 1983ರಲ್ಲಿ ಸಾವಿರಾರು ಟನ್ ನೀರಿನ ತೊಟ್ಟಿಗಳು ಕಾವಲಿಗೆ ನಿಂತವು. ಅವುಗಳ ಉತ್ತರ ಮತ್ತೆ ಸೊನ್ನೆ. ಸಿದ್ಧಾಂತ ನಿಜವಾಗಿದ್ದರೆ ಅವುಗಳಿಗೆ ಅಳಿವುಗಳು ಕಾಣಲೇಬೇಕಿತ್ತು. ಕೋಲಾರದ ಅಭ್ಯರ್ಥಿಗಳಿಗೆ ಬೆಂಬಲ ಸಿಗಲಿಲ್ಲ. ಜಾರ್ಜಿ-ಗ್ಲಾಶೋ ಸಿದ್ಧಾಂತದ ಅತಿ ಸರಳ ರೂಪ ಬಿದ್ದುಹೋಯಿತು.

ಒಳ್ಳೆಯ ಸಿದ್ಧಾಂತವು ತಾನು ಯಾವಾಗ ಸೋತಂತೆ ಎಂಬುದನ್ನು ಮೊದಲೇ ಹೇಳಿರಬೇಕು ಎಂದು ವಾದಿಸಿದವನು ತತ್ತ್ವಜ್ಞಾನಿ ಕಾರ್ಲ್ ಪಾಪರ್. ಈ ಸಿದ್ಧಾಂತ ಹಾಗೆ ಹೇಳಿತ್ತು, ಸೋತಿತು. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಪ್ರೋಟಾನಿಗೆ ಇನ್ನೂ ದೀರ್ಘವಾದ ಆಯುಸ್ಸು ಕೊಡುವ ದಾಯಾದಿ ಸಿದ್ಧಾಂತಗಳು ಬಂದವು. 1996ರಲ್ಲಿ ಆರಂಭವಾದ 50,000 ಟನ್ ನೀರಿನ ಸೂಪರ್-ಕಮಿಯೊಕಾಂಡೆಯ ಸೊನ್ನೆ, ಮುಖ್ಯವೆನಿಸಿದ ಒಂದು ಬಗೆಯ ಅಳಿವಿಗೆ, ಆಯುಸ್ಸಿನ ಕನಿಷ್ಠ ಮಿತಿಯನ್ನು 1ರ ಮುಂದೆ 34 ಸೊನ್ನೆಗಳಾಚೆಗೆ ತಳ್ಳಿದೆ. ಎಷ್ಟು ಸೊನ್ನೆಗಳ ನಂತರ ಕೈಬಿಡಬೇಕು? ಪಾಪರನ ಸೂತ್ರ ಇದಕ್ಕೆ ಉತ್ತರ ಹೇಳುವುದಿಲ್ಲ. ಅದು ವಿವೇಕದ ಪ್ರಶ್ನೆ, ಹಣದ ಪ್ರಶ್ನೆ, ಬದುಕಿನ ಎಷ್ಟು ವರ್ಷ ತೆರಬಲ್ಲೆ ಎಂಬ ಪ್ರಶ್ನೆ.

ಹಾಗೆ ತೆತ್ತವರು ಬರಿಗೈಯಲ್ಲಿ ಮರಳಲಿಲ್ಲ ಎಂಬುದನ್ನೂ ಹೇಳಬೇಕು. 1987ರ ಫೆಬ್ರವರಿ 23ರಂದು, ಪ್ರೋಟಾನಿನ ಸಾವನ್ನು ಕಾಯುತ್ತಿದ್ದ ಆ ತೊಟ್ಟಿಗಳಿಗೆ ನಕ್ಷತ್ರವೊಂದರ ಸಾವಿನ ಸುದ್ದಿ ಹೊತ್ತ ನ್ಯೂಟ್ರಿನೊಗಳು ಸಿಕ್ಕವು. ಕಮಿಯೊಕಾದ ಮಸತೋಶಿ ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು. ಪ್ರೋಟಾನಿನ ಹುಡುಕಾಟದಲ್ಲಿ ಕಾಟ ಕೊಡುತ್ತಿದ್ದ ವಾಯುಮಂಡಲದ ನ್ಯೂಟ್ರಿನೊಗಳನ್ನು ಸೂಪರ್-ಕಮಿಯೊಕಾಂಡೆ ಎಣಿಸುತ್ತಾ ಹೋದಾಗ, ಅವು ಹಾದಿಯಲ್ಲೇ ಜಾತಿ ಬದಲಿಸುತ್ತವೆ, ಆದ್ದರಿಂದ ಅವಕ್ಕೆ ತೂಕವಿದೆ ಎಂದು 1998ರಲ್ಲಿ ತಿಳಿಯಿತು. ಅದಕ್ಕೆ 2015ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹೊಟ್ಟೆಂದು ತೂರಿದ್ದರಲ್ಲೇ ಕಾಳಿತ್ತು. ಆ ಕಾಳನ್ನು ಮೊದಲು ಕಂಡ ಎರಡು ಕಣಗಳಲ್ಲಿ ನಮ್ಮ ಕೋಲಾರವೂ ಒಂದು. ಅಲ್ಲಿ ಗಣಿಗಾರಿಕೆ 2001ರಲ್ಲಿ ನಿಂತಿತು. ಅದಕ್ಕೂ ಮೊದಲೇ ಪ್ರಯೋಗಗಳು ನಿಂತಿದ್ದವು.

ರೆಕಾರ್ಡ್ ಪುಸ್ತಕದ ಮುಂದೆ

ಈಗ ನಮ್ಮ ಲೋಲಕಕ್ಕೆ ಬರೋಣ. 980 ಎಂಬುದು ಒಂದು ದುಂಡು ಸಂಖ್ಯೆ. ಬೆಂಗಳೂರಿನಲ್ಲಿ ‘ಜಿ’ಯ ನಿಜವಾದ ಬೆಲೆ ಸುಮಾರು 978. ಸಮಭಾಜಕ ವೃತ್ತಕ್ಕೆ ಹತ್ತಿರವಾದಷ್ಟೂ, ಎತ್ತರ ಹೆಚ್ಚಿದಷ್ಟೂ ಅದು ಕಡಿಮೆ. 1672ರಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ ರಿಷೆ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದಾಗ, ಪ್ಯಾರಿಸ್ಸಿನಲ್ಲಿ ಸರಿಯಾಗಿದ್ದ ಲೋಲಕದ ಗಡಿಯಾರ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿತ್ತು. ಆತ ಅದನ್ನು ಮುಚ್ಚಿಡದೆ ಬರೆದಿಟ್ಟ. ಭೂಮಿ ನಡುವಿನಲ್ಲಿ ಉಬ್ಬಿದೆ ಎಂಬ ವಾದಕ್ಕೆ ನ್ಯೂಟನ್ ಅದನ್ನೇ ಸಾಕ್ಷಿಯಾಗಿ ಬಳಸಿದ.

ವಿದ್ಯಾರ್ಥಿ ಮಿತ್ರರೇ, ನಿಮ್ಮ 953 ಬಹುಶಃ ಹೊಸ ಆವಿಷ್ಕಾರವಲ್ಲ. ದಾರದ ಉದ್ದ ಅಳೆಯುವಾಗ ಗುಂಡಿನ ತ್ರಿಜ್ಯ ಸೇರಿಸಲು ಮರೆತಿರಬಹುದು, ಆಂದೋಲನ ಎಣಿಸುವಾಗ ಒಂದು ತಪ್ಪಿರಬಹುದು. ಅದನ್ನು ಹುಡುಕಿ. ಹುಡುಕಿದರೂ ಸಿಗದಿದ್ದರೆ 953 ಎಂದೇ ಬರೆದು, ಎಲ್ಲಿ ತಪ್ಪಿರಬಹುದೆಂಬ ನಿಮ್ಮ ಊಹೆಯನ್ನು ಕೆಳಗೆ ಸೇರಿಸಿ. ತಿದ್ದಿ ಬರೆದ ದಿನ ಆ ಹುಡುಕಾಟವೇ ಸತ್ತುಹೋಗುತ್ತದೆ.

ತಂದೆತಾಯಿಯರಿಗೂ ಒಂದು ಮಾತು. ಮಗು ಪ್ರಾಕ್ಟಿಕಲ್ ಮುಗಿಸಿ ಮನೆಗೆ ಬಂದಾಗ ‘ಸರಿಯಾದ ಉತ್ತರ ಬಂತೇ?’ ಎನ್ನುವ ಮೊದಲು ‘ಏನು ಕಂಡೆ?’ ಎಂದು ಕೇಳಿ. ಒಂದೆರಡು ಅಂಕ ಹೋಗಬಹುದು. ಕಂಡದ್ದನ್ನು ಕಂಡಂತೆ ಹೇಳುವ ರೂಢಿ ಉಳಿಯುತ್ತದೆ. ವಿಜ್ಞಾನಕ್ಕೆ ಬೇಕಾದ ಮೊದಲ ಬಂಡವಾಳ ಅದೇ.