ಹಲ್ಲಿನ ಸೆಟ್ಟು: ತೆಗೆದು ಹಾಕುವಂಥದ್ದೋ, ಬಿಗಿದು ಕೂರಿಸುವಂಥದ್ದೋ?

ಹಬ್ಬ ಬಂತೆಂದರೆ ಮನೆಮಂದಿಗೆಲ್ಲ ಚಕ್ಕುಲಿ, ಕೋಡುಬಳೆ ಮಾಡಿ ಡಬ್ಬಿ ತುಂಬುತ್ತೀರಿ. ತಿನ್ನುವ ಹೊತ್ತಿಗೆ ಮಾತ್ರ ‘ನನಗೆ ಬೇಡ ಬಿಡಿ’ ಅಂತ ಅನ್ನಕ್ಕೆ ಸಾರು ಕಲೆಸಿಕೊಂಡು ಸುಮ್ಮನಾಗುವ ಹೆಂಗಸರು ಎಷ್ಟೋ ಮಂದಿ. ಹಲ್ಲಿನ ಸೆಟ್ಟು ಇಲ್ಲವೆಂದಲ್ಲ. ಇದೆ, ಗೂಡಿನ ಮೇಲೆ ಲೋಟದ ನೀರಿನಲ್ಲಿದೆ! ಮೇಲಿನದು ಹೇಗೋ ನಿಲ್ಲುತ್ತದೆ. ಕೆಳಗಿನದು ಮಾತಾಡಿದರೆ ಏಳುತ್ತದೆ, ಅಗಿದರೆ ಜಾರುತ್ತದೆ, ಒಸಡಿಗೆ ಒತ್ತಿ ಹುಣ್ಣು ಮಾಡುತ್ತದೆ.

ಅರಸೀಕೆರೆಯ ಸೋದರಿಯೊಬ್ಬರು ಈ ಕಷ್ಟವನ್ನೇ ಬರೆದಿದ್ದಾರೆ. ವಯಸ್ಸು 61. ಒಬ್ಬ ಡಾಕ್ಟರು ಕೆಳದವಡೆಗೆ ಎರಡು ಇಂಪ್ಲಾಂಟ್ ಸ್ಕ್ರೂ ಹಾಕಿ, ತೆಗೆದು ಹಾಕುವ ಸೆಟ್ಟು ಕೂರಿಸಿದರೆ ಸಾಕು ಅಂದರಂತೆ. ಇನ್ನೊಬ್ಬರು ನಾಲ್ಕು ಸ್ಕ್ರೂ ಹಾಕಿ ಬಿಗಿದೇಬಿಡೋಣ, ತೆಗೆಯುವ ರಗಳೆಯೇ ಇಲ್ಲ ಅಂದರಂತೆ. ಖರ್ಚು ಮೂರು ಪಟ್ಟು ಹೆಚ್ಚು. ಮಗನಿಗೆ ಎರಡನೆಯದೇ ಇಷ್ಟ. ಈ ವಯಸ್ಸಿನಲ್ಲಿ ನನ್ನ ಹಲ್ಲಿಗೆ ಇಷ್ಟೆಲ್ಲ ಬೇಕೇ, ನನ್ನ ಬಳೆ ಕೊಟ್ಟು ಮಾಡಿಸಿಕೊಂಡರೆ ತಪ್ಪಾಗುತ್ತದೆಯೇ ಎಂದು ಕೇಳಿದ್ದಾರೆ.

ತಪ್ಪೇನಿಲ್ಲ ತಾಯೀ. ಹಲ್ಲು ಅಲಂಕಾರಕ್ಕಲ್ಲ, ಊಟಕ್ಕೆ. ಕಾಳು, ಸೊಪ್ಪು, ತರಕಾರಿ, ಹಣ್ಣು ಬಿಟ್ಟು ಬರೀ ಮೆತ್ತಗಿನ ಅನ್ನದಲ್ಲಿ ದಿನ ದೂಡಿದರೆ ದೇಹಕ್ಕೆ ಬೇಕಾದ್ದು ಸಿಗುವುದಿಲ್ಲ. ಬೇಕೇ ಬೇಡವೇ ಎಂಬ ಮಾತು ಅಲ್ಲಿಗೆ ಮುಗಿಯಿತು. ಇನ್ನು, ಯಾವುದು ಬೇಕು ಎಂಬ ಮಾತಿಗೆ ಬರೋಣ.

ಕೆಳಗಿನದೇ ಏಕೆ ಜಾರುತ್ತದೆ?

ಮೇಲಿನ ಸೆಟ್ಟು ಅಂಗುಳವನ್ನೆಲ್ಲ ಮುಚ್ಚಿಕೊಂಡು, ಒದ್ದೆಯಾದ ಎರಡು ತಟ್ಟೆ ಒಂದಕ್ಕೊಂದು ಕಚ್ಚಿಕೊಳ್ಳುವ ಹಾಗೆ ಹಿಡಿದುಕೊಳ್ಳುತ್ತದೆ. ಕೆಳಗಿನದು ಕುದುರೆ ಲಾಳದ ಆಕಾರ. ಹಿಡಿಯಲು ಜಾಗ ಕಡಿಮೆ, ನಡುವೆ ನಾಲಿಗೆ ತಳ್ಳುತ್ತಲೇ ಇರುತ್ತದೆ. ಸಾಲದ್ದಕ್ಕೆ, ಹಲ್ಲು ಹೋದ ಮೇಲೆ ದವಡೆಯ ಮೂಳೆ ಸವೆಯುತ್ತಾ ಹೋಗುತ್ತದೆ. ಸೆಟ್ಟು ಹಾಕಿಕೊಂಡವರನ್ನು 25 ವರ್ಷಗಳ ಕಾಲ ಗಮನಿಸಿ 1972ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕೆಳದವಡೆಯ ಮುಂಭಾಗ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆದಿತ್ತು.

ಟೈಟಾನಿಯಂ ಲೋಹವನ್ನು ಮೂಳೆ ತನ್ನದೇ ಎಂಬಂತೆ ಹಿಡಿದುಕೊಳ್ಳುತ್ತದೆಂದು ತೋರಿಸಿಕೊಟ್ಟವರು ಸ್ವೀಡನ್ನಿನ ಬ್ರೋನೆಮಾರ್ಕ್. 1965ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ದವಡೆಗೆ ಅವರು ಇಂಥ ಸ್ಕ್ರೂ ಹಾಕಿದರು. ಇಂದಿನ ಎರಡೂ ಬಗೆಯ ಸೆಟ್ಟಿಗೆ ಅದೇ ಬುನಾದಿ.

ಟಿಚ್ ಬಟನ್ ತರಹದ್ದು

ಕೆಳದವಡೆಯ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಸ್ಕ್ರೂ. ಒಸಡಿನಿಂದ ಮೇಲೆ ಗುಂಡಿಯಂಥ ಪುಟ್ಟ ತಲೆ. ಸೆಟ್ಟಿನ ಒಳಬದಿಯಲ್ಲಿ ಅದಕ್ಕೆ ಸರಿಹೊಂದುವ ನೈಲಾನ್ ಬಳೆ. ರವಿಕೆಯ ಟಿಚ್ ಬಟನ್ ಒತ್ತಿದ ಹಾಗೆ ಟಕ್ಕೆಂದು ಕೂರುತ್ತದೆ. ರಾತ್ರಿ ತೆಗೆದು ತೊಳೆದಿಡಬಹುದು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಸೇರಿದ್ದ ತಜ್ಞರು, ಹಲ್ಲೇ ಇಲ್ಲದ ಕೆಳದವಡೆಗೆ ಮೊದಲು ಸೂಚಿಸಬೇಕಾದದ್ದು ಇದನ್ನೇ ಎಂದು ಹೇಳಿದರು.

ಕುಂದು ಇಲ್ಲವೇ? ಇದೆ. ಹಿಂಭಾಗ ಒಸಡಿನ ಮೇಲೇ ಕೂರುವುದರಿಂದ ಸ್ವಲ್ಪ ಅಲುಗುತ್ತದೆ, ಅಡಿಗೆ ಅಗುಳು ಸೇರುತ್ತದೆ. ನೈಲಾನ್ ಬಳೆ ಸವೆದು ಸಡಿಲವಾದಾಗಲೆಲ್ಲ ಬದಲಾಯಿಸಬೇಕು. ಅದು ಚಿಕ್ಕ ಕೆಲಸ, ಚಿಕ್ಕ ಖರ್ಚು.

ಬಿಗಿದು ಕೂರಿಸುವಂಥದ್ದು

ಇದಕ್ಕೆ ನಾಲ್ಕರಿಂದ ಆರು ಸ್ಕ್ರೂ ಬೇಕು. ಹಲ್ಲಿನ ಸಾಲನ್ನೇ ಅವುಗಳಿಗೆ ಬಿಗಿಯುತ್ತಾರೆ. ಬಿಚ್ಚುವುದು ಡಾಕ್ಟರ ಕೈಯಲ್ಲಿ ಮಾತ್ರ. ಪೋರ್ಚುಗಲ್ಲಿನ ಡಾ. ಪಾಲೊ ಮಾಲೊ ಅವರು ನಾಲ್ಕೇ ಸ್ಕ್ರೂಗಳಲ್ಲಿ, ಹಿಂದಿನ ಎರಡನ್ನು ಓರೆಯಾಗಿ ಕೂರಿಸುವ ವಿಧಾನವನ್ನು 2003ರಲ್ಲಿ ಪ್ರಕಟಿಸಿದರು. ಒಸಡಿಗೆ ಒತ್ತುವುದಿಲ್ಲ, ಅಲುಗುವುದಿಲ್ಲ, ಅಗಿಯುವ ಬಲವೂ ಹೆಚ್ಚು. ಸ್ವಂತ ಹಲ್ಲಿನ ಹಾಗೇ ಅನ್ನಿಸುತ್ತದೆ. ಬಾಯಲ್ಲಿ ಸೆಟ್ಟು ಹಾಕಿ ತೆಗೆಯುವುದೆಂದರೇ ಓಕರಿಕೆ ಬರುವವರಿಗೆ ಇದು ದೊಡ್ಡ ಉಪಕಾರ.

ಆದರೆ ಖರ್ಚು ಬಹಳ. ಹಲ್ಲಿನ ಸಾಲಿನ ಕೆಳಗೆ ದಿನವೂ ಪುಟ್ಟ ಬ್ರಷ್ಷು, ದಪ್ಪ ದಾರ ತೂರಿಸಿ ಶುಚಿ ಮಾಡಲೇಬೇಕು. ಒಂದು ಹಲ್ಲು ಮುರಿದರೂ ಇಡೀ ಸಾಲನ್ನು ಬಿಚ್ಚಿಸಬೇಕಾಗಬಹುದು.

ಹಾಗಾದರೆ ನಿಮಗೆ ಯಾವುದು?

ಬೆಲೆ ಕೇಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ದಿನಾ ತೊಳೆಯುವವರು ಯಾರು? ಇವತ್ತಲ್ಲ, ಇನ್ನು ಹತ್ತು ವರ್ಷದ ಮೇಲೆ, ಕಣ್ಣು ಮಂಜಾಗಿ ಕೈ ನಡುಗುವಾಗ?

ತೆಗೆಯುವ ಸೆಟ್ಟನ್ನು ನಲ್ಲಿಯ ಕೆಳಗೆ ಸೊಸೆ ತೊಳೆದುಕೊಟ್ಟಾಳು, ಮೊಮ್ಮಗ ತೊಳೆದುಕೊಟ್ಟಾನು. ಬಿಗಿದ ಹಲ್ಲನ್ನು ಇನ್ನೊಬ್ಬರ ಬಾಯೊಳಗೆ ಕೈಹಾಕಿ ಶುಚಿ ಮಾಡುವುದು ಸುಲಭವಲ್ಲ. ಶುಚಿಯಿಲ್ಲದಿದ್ದರೆ ಸ್ಕ್ರೂವಿನ ಸುತ್ತ ಕೀವಾಗಿ, ನೋವೇ ಇಲ್ಲದೆ ಮೂಳೆ ಕರಗುತ್ತದೆ. ಎಷ್ಟೇ ಹಣ ಸುರಿದಿದ್ದರೂ ಸ್ಕ್ರೂ ಕಳಚಿ ಬರುತ್ತದೆ.

ಕೈ ಗಟ್ಟಿ, ಮೂಳೆ ಗಟ್ಟಿ, ಡಾಕ್ಟರು ಹತ್ತಿರ, ಹಣಕ್ಕೆ ಅಡ್ಡಿಯಿಲ್ಲ ಎನ್ನುವವರು ಬಿಗಿದದ್ದನ್ನು ಧಾರಾಳವಾಗಿ ಆರಿಸಿಕೊಳ್ಳಿ. ಉಳಿದವರಿಗೆ, ಅರಸೀಕೆರೆಯ ಸೋದರಿಗೂ ಸೇರಿ, ಕೆಳಗೆ ಎರಡು ಸ್ಕ್ರೂವಿನ ಟಿಚ್ ಬಟನ್ ಸೆಟ್ಟೇ ಸಾಕು ಅಂತ ನನ್ನ ಸಲಹೆ. ಮೇಲಿನ ಸೆಟ್ಟು ನಿಲ್ಲುತ್ತಿದ್ದರೆ ಅದರ ತಂಟೆಗೆ ಹೋಗಬೇಡಿ. ಬೆರಳು ಸಂಧಿವಾತದಿಂದ ಬಿಗಿದಿದ್ದರೆ ಹಗುರಾಗಿ ಬಿಡುವ ನೈಲಾನ್ ಬಳೆ ಹಾಕಲು ಹೇಳಿ, ಸಿಗುತ್ತದೆ. ಮುಂದೆ ಆಸೆಯಾದರೆ, ಮೂಳೆ ಇದ್ದರೆ, ಸ್ಕ್ರೂ ಸೇರಿಸಿ ಬಿಗಿಸಿಕೊಳ್ಳುವ ದಾರಿಯೂ ಉಳಿದಿರುತ್ತದೆ. ಮಗನ ಪ್ರೀತಿ ದೊಡ್ಡದು. ಆದರೆ ಹೆಚ್ಚು ಬೆಲೆಯದೇ ಹೆಚ್ಚು ಒಳ್ಳೆಯದು ಎಂಬ ಲೆಕ್ಕ ಬಾಯಿಗೆ ಒಪ್ಪುವುದಿಲ್ಲ ಅಂತ ಅವನಿಗೆ ತಿಳಿಸಿ ಹೇಳಿ.

ಇವನ್ನು ಮುಚ್ಚಿಡಬೇಡಿ

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಮೊದಲು ಅದನ್ನು ಹತೋಟಿಗೆ ತನ್ನಿ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ನಾಚದೆ ಹೇಳಿ, ಬಿಡಿ. ಮೂಳೆ ಸವೆತಕ್ಕೆಂದು ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆಯೋ, ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೊನಿಕ್ ಇಂಜೆಕ್ಷನ್ನೋ, ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮಾಬ್ ಇಂಜೆಕ್ಷನ್ನೋ ತೆಗೆದುಕೊಂಡಿದ್ದರೆ ಅದನ್ನಂತೂ ಹೇಳಲೇಬೇಕು. ಇಂಥ ಔಷಧಿಯಿದ್ದಾಗ ದವಡೆಯ ಗಾಯ ಮಾಯದೆ ಮೂಳೆ ಕೊಳೆಯುವ ಅಪಾಯ ಉಂಟು. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನು ಕೇಳಿ.

ಒಟ್ಟು ಖರ್ಚನ್ನು ಚೀಟಿಯಲ್ಲಿ ಬರೆಸಿಕೊಳ್ಳಿ: ಸ್ಕ್ಯಾನ್, ಸ್ಕ್ರೂ, ಸೆಟ್ಟು, ನಡುವಿನ ತಾತ್ಕಾಲಿಕ ಹಲ್ಲು, ಆಮೇಲಿನ ರಿಪೇರಿ, ಎಲ್ಲ ಸೇರಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, ಮೈಸೂರು, ದಾವಣಗೆರೆ, ಧಾರವಾಡ, ಮಣಿಪಾಲದ ದಂತ ಕಾಲೇಜುಗಳಲ್ಲೂ ವಿಚಾರಿಸಿ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ, ಓಡಾಟ ಮಾತ್ರ ಹೆಚ್ಚು.

ಸ್ಕ್ರೂ ಹಾಕಿದ ಮೇಲೆ ಕೆಳದವಡೆಯ ಮೂಳೆ ಅದನ್ನು ಹಿಡಿದುಕೊಳ್ಳಲು ಸಾಮಾನ್ಯವಾಗಿ ಮೂರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಚಕ್ಕುಲಿಯ ಆಸೆ ಬೇಡ. ಇಡ್ಲಿ, ಶ್ಯಾವಿಗೆ, ನೆನೆಸಿದ ಅವಲಕ್ಕಿ, ಚೆನ್ನಾಗಿ ಬೆಂದ ಹೆಸರುಬೇಳೆ ಮಾಡಿಕೊಳ್ಳಿ. ಮುದ್ದೆಯಂತೂ ಹೇಗೂ ನುಂಗುವುದೇ! ಸೆಟ್ಟನ್ನು ಬಿಸಿನೀರಿನಲ್ಲಿ ಹಾಕಬೇಡಿ, ಆಕಾರ ಕೆಡುತ್ತದೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿ ಇಟ್ಟುಕೊಳ್ಳಿ, ಕೈಜಾರಿದರೂ ಒಡೆಯುವುದಿಲ್ಲ. ಸ್ಕ್ರೂವಿನ ಸುತ್ತ ರಕ್ತ ಕಂಡರೆ, ನೋವಿಲ್ಲದಿದ್ದರೂ ಸರಿ, ಆ ವಾರವೇ ಡಾಕ್ಟರಿಗೆ ತೋರಿಸಿ.