ಪುಟದ ಹೆಸರು ಸಾಲದು, ಜಾಗವನ್ನೂ ಹೇಳಿ

ಮಕ್ಕಳೇ, ಪಾವಗಡ ತಾಲ್ಲೂಕಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ನಿಮಗೆ ಗೊತ್ತು. ಹಲ್ಲಿನ ಮೇಲೆ ಕಂದು ಕಲೆ ಮೂಡಿದವರನ್ನು ನೋಡಿಯೂ ಇರುತ್ತೀರಿ. ವಿಜ್ಞಾನದ ಪ್ರಾಜೆಕ್ಟಿಗೆ ಇದೇ ವಿಷಯ ಆರಿಸಿಕೊಂಡಿರಿ ಎನ್ನಿ. ಬರೆದು ಮುಗಿಸಿ ಕೊನೆಯಲ್ಲಿ 'ಆಧಾರ: ವಿಕಿಪೀಡಿಯ' ಎಂದು ಹಾಕಿಬಿಡುತ್ತೀರಿ. ಇದು ನನಗೆ ಒಪ್ಪಿಗೆಯಿಲ್ಲ. "ನಿಮ್ಮ ಮನೆ ಎಲ್ಲಿ?" ಎಂದವರಿಗೆ "ಶಿರಾ ತಾಲ್ಲೂಕು" ಎಂದಷ್ಟೇ ಹೇಳಿದ ಹಾಗಾಯಿತು. ಊರು, ಬೀದಿ ಬೇಡವೇ?

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟಗಳಲ್ಲಿದೆ. ಅದರಿಂದ ಮಾಹಿತಿ ತೆಗೆದುಕೊಂಡರೆ ಸಂಪುಟ, ಪುಟ ಎರಡನ್ನೂ ಬರೆಯುತ್ತೇವೆ. ಕುಮಾರವ್ಯಾಸನ ಭಾರತದ ಒಂದು ಪದ್ಯ ತೋರಿಸಬೇಕಾದರೆ ಪರ್ವ, ಸಂಧಿ, ಪದ್ಯದ ಸಂಖ್ಯೆ ಹೇಳುವುದು ವಾಡಿಕೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಲೇಖನಗಳಿಗೆ ಪುಟಸಂಖ್ಯೆ ಇಲ್ಲ. ಅಲ್ಲಿ ಗುರುತು ಹಿಡಿಯಲು ಸಿಗುವುದು ಲೇಖನದೊಳಗಿನ ಉಪಶೀರ್ಷಿಕೆ.

ಶಾಲೆಯ ಕಂಪ್ಯೂಟರಿನಲ್ಲಿ ಯಾವುದಾದರೂ ಉದ್ದನೆಯ ಲೇಖನ ತೆರೆಯಿರಿ. ಪರಿವಿಡಿಯಲ್ಲಿ ಒಂದು ಉಪಶೀರ್ಷಿಕೆಯನ್ನು ಒತ್ತಿ, ಮೇಲಿನ ವಿಳಾಸದ ಸಾಲು ನೋಡಿ. ಲೇಖನದ ಹೆಸರಾದ ಮೇಲೆ # ಎಂಬ ಗುರುತು, ಅದರ ಮುಂದೆ ಆ ಉಪಶೀರ್ಷಿಕೆ ಬಂದಿರುತ್ತದೆ. ಇದೇ ಆ ವಿಭಾಗದ ನೇರ ಕೊಂಡಿ. ಸೋಜಿಗವೆಂದರೆ # ಗುರುತಿನ ಮುಂದಿನ ಭಾಗ ದೂರದ ಸರ್ವರಿಗೆ ಹೋಗುವುದೇ ಇಲ್ಲ! ಸರ್ವರ್ ಇಡೀ ಲೇಖನವನ್ನು ಕಳಿಸುತ್ತದೆ. ನಿಮ್ಮ ಎದುರಿರುವ ಬ್ರೌಸರ್ ಆ ಹೆಸರಿನ ಜಾಗ ಹುಡುಕಿ, ಪುಟವನ್ನು ಅಲ್ಲಿಗೆ ಸರಿಸಿ ನಿಲ್ಲಿಸುತ್ತದೆ.

ಈ ವಿಳಾಸವನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಕನ್ನಡ ಅಕ್ಷರಗಳು ಮಾಯವಾಗಿ ಶೇಕಡಾ ಗುರುತು, ಅಂಕಿ, ಇಂಗ್ಲಿಷ್ ಅಕ್ಷರಗಳ ಸಾಲು ಕಾಣಿಸಬಹುದು. 'ಶಿರಾ' ಎಂಬ ಪುಟ್ಟ ಹೆಸರೇ 36 ಚಿಹ್ನೆಗಳಷ್ಟು ಉದ್ದವಾಗುತ್ತದೆ, 'ಮಧುಗಿರಿ' 63. ಗಾಬರಿ ಬೇಡ, ಕೊಂಡಿ ಕೆಲಸ ಮಾಡುತ್ತದೆ. ಆದರೆ ಅದನ್ನು ಕೈಯಲ್ಲಿ ಬರೆಯುವ ಸಾಹಸ ಮಾತ್ರ ಮಾಡಬೇಡಿ.

"ನೇರವಾಗಿ ಜಾಗ ತೋರಿಸಿದರೆ ಮಕ್ಕಳು ಲೇಖನವನ್ನು ಪೂರ್ತಿ ಓದುವುದಿಲ್ಲ" ಎಂದು ಕೆಲವರು ಆಕ್ಷೇಪಿಸುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಫ್ಲೋರೈಡನ್ನೇ ನೋಡಿ. ಅಲ್ಪ ಪ್ರಮಾಣದಲ್ಲಿದ್ದರೆ ಅದು ಹಲ್ಲು ಹುಳುಕಾಗುವುದನ್ನು ತಡೆಯುತ್ತದೆ. ಮಿತಿ ಮೀರಿದರೆ ಅದೇ ಹಲ್ಲನ್ನು, ಮೂಳೆಯನ್ನು ಕೆಡಿಸುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಸಿಗದಿದ್ದಾಗ 1.5ರವರೆಗೆ. ಉಪಯೋಗ ಹೇಳುವ ವಿಭಾಗಕ್ಕೆ ಮಾತ್ರ ಕೊಂಡಿ ಕೊಟ್ಟರೆ, ಪಾವಗಡದ ಓದುಗ "ನಮ್ಮ ನೀರು ಹಲ್ಲಿಗೆ ಒಳ್ಳೆಯದು" ಎಂದುಕೊಂಡಾನು! ಹಾಗಾಗಿ ಕೊಂಡಿ ಕೊಡುವವರು ಲೇಖನದ ಮೊದಲ ಭಾಗವನ್ನೂ ಅಕ್ಕಪಕ್ಕದ ವಿಭಾಗಗಳನ್ನೂ ಓದಿರಲೇಬೇಕು. ಬೇಕಾದರೆ ಎರಡು ಕೊಂಡಿ ಕೊಡಲಿ. ಇಷ್ಟಕ್ಕೇ ಜಾಗ ತೋರಿಸುವುದನ್ನೇ ಬಿಡಬೇಕು ಎಂದರೆ ನಾನು ಒಪ್ಪೆ. ನೀವು ಬರೆದದ್ದು ಸರಿಯೇ ಎಂದು ನೋಡಬಯಸುವ ಗೆಳತಿ ಇಡೀ ಲೇಖನವನ್ನು ಏಕೆ ಜಾಲಾಡಬೇಕು?

ಇನ್ನೊಂದು ತೊಡಕಿದೆ. ವಿಕಿಪೀಡಿಯವನ್ನು ಯಾರು ಬೇಕಾದರೂ ತಿದ್ದಬಹುದಲ್ಲವೇ? 'ದುಷ್ಪರಿಣಾಮಗಳು' ಎಂಬ ಉಪಶೀರ್ಷಿಕೆಯನ್ನು ಯಾರೋ 'ಆರೋಗ್ಯದ ಮೇಲೆ ಪರಿಣಾಮ' ಎಂದು ಬದಲಿಸಿದರೆ ಹಳೆಯ ಕೊಂಡಿ ಆ ಜಾಗಕ್ಕೆ ತಲುಪುವುದಿಲ್ಲ. ತಪ್ಪಾಗಿದೆ ಎಂಬ ಸೂಚನೆಯೂ ಬಾರದೆ, ಲೇಖನದ ತಲೆಭಾಗದಲ್ಲೇ ನಿಂತುಬಿಡುತ್ತದೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಲೇಖನದ ಹೆಸರು, ವಿಭಾಗದ ಹೆಸರು, ಓದಿದ ದಿನಾಂಕ ಮೂರನ್ನೂ ಬರೆದುಕೊಳ್ಳಿ. ದಿನಾಂಕವೊಂದಿದ್ದರೆ, ಲೇಖನದ 'ಇತಿಹಾಸ'ಕ್ಕೆ ಹೋಗಿ ಆ ದಿನ ನೀವು ಓದಿದ ಪುಟವನ್ನೇ ಮತ್ತೆ ತೆರೆಯಬಹುದು.